ಗೋಡೆಯ ಮೇಲಿರುವ ದಾಮೋದರನನ್ನು ಇಳಿಸಿಕೊಡಬೇಕೆಂದು ವಿನಂತಿ

ಜೈಸಲ್ಮೇರ್ ಕೋಟೆಯ ಶೋಭಾವೃದ್ಧಿ ಮತ್ತು ಪ್ರಾಚೀನ ಗೋಡೆಗಳ ಸಮಿತಿಯ ಮುಖ್ಯಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ಮರಳುಗಾಳಿಯು ತಮ್ಮ ಕಚೇರಿಯ ಗಾಜಿನ ಕಿಟಕಿಗಳನ್ನು ಗೌರವದಿಂದ ಬಿಟ್ಟು, ಮಿಕ್ಕ ನಮ್ಮೆಲ್ಲರ ಕಣ್ಣು, ಕಿವಿ ಮತ್ತು ಹಿಟ್ಟಿನ ಡಬ್ಬಗಳಿಗೆ ನುಗ್ಗುತ್ತಿರುವ ಈ ಚೈತ್ರ ಮಾಸದಲ್ಲಿ ತಾವೂ, ತಮ್ಮ ಕುಟುಂಬವೂ, ತಮ್ಮ ಮೇಜಿನ ಪಕ್ಕದ ಕೂಲರೂ ಕ್ಷೇಮವೆಂದು ನಂಬಿ, ಎರಡೂ ಕೈ ಜೋಡಿಸಿ ಈ ಪತ್ರವನ್ನು ಬರೆಯುತ್ತಿದ್ದೇನೆ. ನಾನು ಗವರಾ ದೇವಿ ಬಿಸ್ಸಾ. ಕೋಟೆಯೊಳಗೆ, ಜೈನ ಬಸದಿಗಳ ಹಿಂದಿನ ಓಣಿಯಲ್ಲಿ, ತಾವು ಕಳೆದ ವರ್ಷ ನೆಡಿಸಿದ ಹಳದಿ ಬೋರ್ಡಿನ ಹಿಂದುಗಡೆ ಇರುವ ಮನೆಯವಳು. ಬೋರ್ಡಿನ ಹಿಂದೆ ಒಂದು ಮನೆಯೂ ಇದೆ ಎಂಬ ಸಂಗತಿ ತಮಗೆ ಈಗಷ್ಟೇ ತಿಳಿಯುತ್ತಿದ್ದರೆ ದಯವಿಟ್ಟು ಗಾಬರಿಯಾಗಬೇಡಿ. ಖಾಸಗಿಯಾಗಿ ಬರೆದ ನನ್ನ ಹಿಂದಿನ ಪತ್ರಗಳು ತಮ್ಮ ಕಚೇರಿಯಲ್ಲಿ ಪ್ರಾಚೀನ ವಸ್ತುಗಳಾಗಿ ಸಂರಕ್ಷಿಸಲ್ಪಟ್ಟಿರುವುದರಿಂದ, ಈ ಸಲ ಊರೆಲ್ಲ ಓದುವಂತೆ ಬರೆಯಬೇಕಾಗಿದೆ.

ಮೊದಲಿಗೆ ಆ ಬೋರ್ಡಿಗಾಗಿ ಕೃತಜ್ಞತೆ ಸಲ್ಲಿಸುವುದು ನನ್ನ ಧರ್ಮ. ಎಂಥ ಬೋರ್ಡು! ನಮ್ಮ ಬಾಗಿಲಿಗಿಂತ ಅಗಲ, ನನ್ನ ಸ್ವರ್ಗಸ್ಥ ಯಜಮಾನರಿಗಿಂತ ಎತ್ತರ, ಕಬ್ಬಿಣದ ಎರಡು ಕಾಲುಗಳ ಮೇಲೆ ನಿಂತು ಓಣಿಯ ಅರ್ಧ ಬೆಳಕನ್ನು ಅದೊಂದೇ ಕುಡಿಯುತ್ತದೆ. ಅದರಲ್ಲಿ ದಪ್ಪಕ್ಷರದಲ್ಲಿ ಹೀಗಿದೆ: ‘ಸಂವತ್ ೧೮೭೯ರ ರಾಜವಿವಾಹದ ಭಿತ್ತಿಚಿತ್ರ. ಇನ್ನೂರು ವರ್ಷ ಪ್ರಾಚೀನವಾದುದು. ಈ ಗೋಡೆಯನ್ನು ಮುಟ್ಟಬಾರದು, ಒರಗಬಾರದು, ಇದಕ್ಕೆ ಬಣ್ಣ ಬಳಿಯಬಾರದು. ತಪ್ಪಿದವರಿಗೆ ಶಿಕ್ಷೆ.’ ಅದರ ಕೆಳಗೆ ತಮ್ಮ ಶುಭನಾಮ ಮತ್ತು ಪದವಿ. ಆ ಚಿತ್ರದಲ್ಲಿ ಹೆಸರಿರುವ ಮದುಮಗಳು, ಇನ್ನೂರು ವರ್ಷದ ರಾಜಕುಮಾರಿ ಹೇಮಲತಾ, ನಾನು ಈ ಸಾಲು ಬರೆಯುತ್ತಿರುವಾಗ ಅಡುಗೆಮನೆಯಲ್ಲಿ ಬಾಜ್ರಾ ಹಿಟ್ಟು ನಾದುತ್ತ, ಉಪ್ಪಿನ ಡಬ್ಬ ಎಲ್ಲಿಟ್ಟೆ ಎಂದು ನನ್ನ ಮೇಲೆ ರೇಗುತ್ತಿದ್ದಾಳೆ. ಅವಳು ನನ್ನ ಮಗಳು. ವಯಸ್ಸು ಇಪ್ಪತ್ತಾರು.

ತಾವು ಜೈಪುರದಿಂದ ವರ್ಗವಾಗಿ ಬಂದವರಾದ್ದರಿಂದ ನಮ್ಮ ಕೋಟೆಯ ಪದ್ಧತಿ ತಮಗೆ ತಿಳಿದಿರಲಾರದು, ಗೋಡೆ ನೋಡಲು ಬಂದ ತಮ್ಮ ಸಮೀಕ್ಷಕರಿಗಂತೂ ತಿಳಿದುಕೊಳ್ಳುವ ಆಸಕ್ತಿಯೇ ಇರಲಿಲ್ಲ. ನಮ್ಮಲ್ಲಿ ಮದುವೆ ನಿಶ್ಚಯವಾದರೆ ಮನೆಯ ಹೊರಗೋಡೆಗೆ ಸುಣ್ಣ ಬಳಿದು ಗಣಪತಿಯನ್ನು ಬರೆಸುತ್ತೇವೆ. ಅವನ ಕೆಳಗೆ ಹುಡುಗಿಯ ಹೆಸರು, ಹುಡುಗನ ಹೆಸರು, ತಿಥಿ, ಸಂವತ್ಸರ; ಕಟ್ಟಕಡೆಯ ಸಾಲಿನಲ್ಲಿ ಕರೆಯುವವರ ಹೆಸರು. ಅದೇ ನಮ್ಮ ಲಗ್ನಪತ್ರಿಕೆ. ಓಣಿಯಲ್ಲಿ ಹಾದುಹೋಗುವವರೆಲ್ಲ ಕರೆಸಿಕೊಂಡವರೇ. ಆ ಮನೆಯಲ್ಲಿ ಮುಂದಿನ ಮದುವೆ ಬರುವತನಕ ಚಿತ್ರ ಹಾಗೇ ಇರುತ್ತದೆ, ಬಂದಾಗ ಅದರ ಮೇಲೆ ಸುಣ್ಣ, ಸುಣ್ಣದ ಮೇಲೆ ಹೊಸ ಗಣಪತಿ. ಹೀಗೆ ನಮ್ಮ ಗೋಡೆಯ ಸುಣ್ಣದ ಪದರಗಳ ಕೆಳಗೆ ನಾನೂ ನನ್ನ ಯಜಮಾನರೂ ಇದ್ದೇವೆ, ನಮ್ಮ ಕೆಳಗೆ ನನ್ನ ಅತ್ತೆ ಮಾವ. ಎಲ್ಲರೂ ಒಬ್ಬರ ಮೇಲೊಬ್ಬರು ಜಗಳವಿಲ್ಲದೆ ಇದ್ದರು, ದಾಮೋದರ ಬರುವವರೆಗೆ.

ದಾಮೋದರನೆಂದರೆ ಫಲೋದಿಯ ವಕೀಲ. ಎರಡು ವರ್ಷದ ಕೆಳಗೆ, ಅಂದರೆ ಇಂಗ್ಲಿಷ್ ಲೆಕ್ಕಕ್ಕಿಂತ ಐವತ್ತೇಳು ವರ್ಷ ಮುಂದೆ ಓಡುವ ನಮ್ಮ ವಿಕ್ರಮ ಸಂವತ್ ೨೦೭೯ರಲ್ಲಿ, ನನ್ನ ಮಗಳನ್ನು ಅವನಿಗೆ ಕೊಡುವುದೆಂದು ಮಾತಾಗಿ, ನಮ್ಮ ಓಣಿಯ ಕೇಸೂಜಿ ಗಣಪತಿಯನ್ನು ಬರೆದರು. ಕೇಸೂಜಿ ಕೋಟೆಯ ಅರ್ಧ ಮದುವೆಗಳನ್ನು ಬರೆದವರು, ಜಾಗದ ಅಂದಾಜು ಮಾತ್ರ ಇಂದಿಗೂ ಬಂದಿಲ್ಲ. ಚಿತ್ರ ಮುಗಿದು ಫೋಟೋ ಫಲೋದಿಗೆ ಹೋಯಿತು. ಹೋದ ಸಂಜೆಯೇ ಹುಡುಗನ ಫೋನು: ‘ಹುಡುಗಿ ಹೆಸರಿನ ಮುಂದೆ ಎಂ.ಎಸ್ಸಿ. ಅಂತ ಬರೆಸಿದೀರಿ, ನನ್ನ ಹೆಸರಿನ ಮುಂದೆ ಏನೂ ಇಲ್ಲ. ಜನ ನನ್ನನ್ನ ಓದದವನು ಅಂದ್ಕೊಳ್ಳಲ್ವಾ?’ ಸರಿಯಪ್ಪಾ ಎಂದು ಕೇಸೂಜಿಯನ್ನು ಮತ್ತೆ ಏಣಿ ಹತ್ತಿಸಿದೆವು. ಎಂ.ಎ., ಎಲ್‌ಎಲ್.ಬಿ. ಎರಡನ್ನೂ ತುರುಕಬೇಕಾದರೆ ಎಲ್ಲಾದರೂ ಅಳಿಸಲೇಬೇಕು. ಕೇಸೂಜಿ ತಲೆ ಕೆರೆದುಕೊಂಡು, ‘ಸಂವತ್ ಎಪ್ಪತ್ತೊಂಬತ್ತು ಅಂದ್ರೆ ಸಾಕಲ್ವಾ ಭಾಭಿಸಾ, ಎರಡು ಸಾವಿರ ಅನ್ನೋದು ಕತ್ತೆಗೂ ಗೊತ್ತು’ ಎಂದು ೨೦ನ್ನು ಒರೆಸಿಹಾಕಿದರು. ಕತ್ತೆಗೂ ಗೊತ್ತಿದ್ದ ಆ ವಿಷಯವು ತಮ್ಮ ಸಮಿತಿಯ ಗಮನಕ್ಕೆ ಬಾರದೇ ಹೋದದ್ದು ನಮ್ಮ ಹಣೆಬರಹ.

ಪದವಿಗಳು ಏರಿದ ಮೇಲೆ ಎರಡನೆಯ ಫೋನು ಬಂತು. ಈಗ ಎರಡೂ ಕಡೆ ಸಮ ಸಮ ಕಾಣುತ್ತಿದೆಯಂತೆ, ಅದು ಅವರ ಮನೆಯವರಿಗೆ ಸರಿಕಾಣದಂತೆ, ಹುಡುಗಿಯ ಎಂ.ಎಸ್ಸಿ. ಅಳಿಸಿಬಿಟ್ಟರೆ ಚಿತ್ರಕ್ಕೆ ಒಂದು ಲಕ್ಷಣ ಬರುವುದಂತೆ. ಫೋನು ಹೇಮಲತಾಳ ಕೈಯಲ್ಲೇ ಇತ್ತು. ಅವಳು ಕೂಗಾಡಲಿಲ್ಲ. ‘ಗೋಡೆ ಮೇಲಿನ ನನ್ನ ಓದನ್ನೇ ಅಳಿಸು ಅನ್ನೋರು ಮನೆಯೊಳಗೆ ಕರ್ಕೊಂಡು ಹೋಗಿ ಏನೇನು ಅಳಿಸ್ತೀರೋ, ನನಗೆ ಬೇಡ ಕಣ್ರೀ’ ಎಂದು ಫೋನಿಟ್ಟಳು. ಇಟ್ಟ ಮೇಲೆ ಒಳಗೆ ಹೋಗಿ ಅತ್ತಳು. ನಾನೂ ಅತ್ತೆ, ಆದರೆ ನನ್ನದು ಅರ್ಧ ಅಳು, ಅರ್ಧ ಹೆಮ್ಮೆ. ಮದುವೆಗೆಂದು ಮಿಠಾಯಿಯವನಿಗೆ ಹೇಳಿದ್ದ ಘೋಟುವಾ ಲಾಡನ್ನು ಓಣಿಗೆಲ್ಲ ಹಂಚಿ, ಮದುವೆ ನಿಂತಿತೆಂದು ನಾನೇ ಬಾಯಿಬಿಟ್ಟು ಹೇಳಿಬಂದೆ. ಗೋಡೆಯ ಮೇಲಿನ ದಾಮೋದರ ಮಾತ್ರ ಉಳಿದ. ಮುಂದಿನ ಮದುವೆಗೆ ಹೇಗೂ ಸುಣ್ಣ ಬಳಿಯುತ್ತೇವಲ್ಲ, ಇರಲಿ ಎಂದುಕೊಂಡೆವು.

ಆಮೇಲೆ ತಮ್ಮ ಸಮೀಕ್ಷಕ ಮಹಾಶಯರು ಬಂದರು. ನಮ್ಮ ಗಾಳಿ ಮರಳಿಗೆ ಎರಡು ಬೇಸಿಗೆ ಸಿಕ್ಕರೆ ಸಾಕು, ಎಂಥ ಹೊಸದನ್ನಾದರೂ ಮುತ್ತಾತನ ಕಾಲದ್ದನ್ನಾಗಿ ಮಾಡಿಕೊಡುತ್ತವೆ. ಗಣಪತಿಯ ಸೊಂಡಿಲು ಮಾಸಿತ್ತು, ದಿನಾ ಮಧ್ಯಾಹ್ನ ಬಂದು ಬೆನ್ನುಜ್ಜುವ ಬಿಳಿ ಹಸುವಿನ ದಯೆಯಿಂದ ಇಲಿಯ ಬಾಲ ಹೋಗಿತ್ತು. ಮಹಾಶಯರು ಕಪ್ಪು ಕನ್ನಡಕವನ್ನು ತೆಗೆಯದೆಯೇ ‘ಸಂವತ್ ೭೯’ ಎಂಬುದನ್ನು ಓದಿ, ೧೯೭೯ ಎಂದರೆ ಬರೀ ನೂರು ವರ್ಷ, ಅಷ್ಟು ದೂರದಿಂದ ಜೀಪಿನಲ್ಲಿ ಬಂದವರಿಗೆ ಅದು ಶೋಭಿಸುವುದಿಲ್ಲವೆಂದು ೧೮೭೯ಕ್ಕೆ ಇಳಿಸಿದರು. ನಾನು ಬಾಗಿಲಲ್ಲೇ ನಿಂತಿದ್ದೆ. ಒಂದು ಲೋಟ ನೀರು ಕೇಳಿ ಕುಡಿದು ಹೋದರೇ ಹೊರತು ಮಾತು ಕೇಳಲಿಲ್ಲ. ಅವರ ವರದಿಯನ್ನು ತಮ್ಮ ಕಚೇರಿಯ ಗೋಡೆಯಲ್ಲಿ ತೂಗುಹಾಕಿರುವುದನ್ನು ನಾನು ಆಮೇಲೆ ನೋಡಿ ಧನ್ಯಳಾದೆ. ‘ಎಂ.ಎ., ಎಲ್‌ಎಲ್.ಬಿ.’ ಎಂಬುದು ಅಂದಿನ ಆಸ್ಥಾನವು ಶೂರ ಸರದಾರರಿಗೆ ಕೊಡುತ್ತಿದ್ದ ಬಿರುದಂತೆ. ‘ಎಂ.ಎಸ್ಸಿ.’ ಎಂಬುದು ರಾಣಿವಾಸದ ಬಿರುದಂತೆ, ಆ ಕಾಲದ ಸ್ತ್ರೀಯರಿಗಿದ್ದ ಮನ್ನಣೆಗೆ ಅದು ಸಾಕ್ಷಿಯಂತೆ. ಈ ಮನ್ನಣೆಯ ಸುದ್ದಿ ಫಲೋದಿಗೂ ಮುಟ್ಟಲಿ ಎಂಬುದಷ್ಟೇ ನನ್ನ ಆಸೆ.

ಅಂದಿನಿಂದ ಯಾತ್ರಿಕರ ಪ್ರವಾಹ. ಅರಮನೆ ನೋಡಿ, ಫಿರಂಗಿ ನೋಡಿ, ಒಂಟೆ ಹತ್ತಿ ಇಳಿದವರೆಲ್ಲ ಈಗ ನಮ್ಮ ಬಾಗಿಲಿಗೆ ಬರುತ್ತಾರೆ. ಗೈಡ್ ಚತುರ್ಭುಜಜಿ, ನನ್ನ ಯಜಮಾನರ ಜೊತೆ ಗಾಳಿಪಟ ಹಾರಿಸಿ ಬೆಳೆದ ಮನುಷ್ಯ, ನಾಚಿಕೆಯಿಲ್ಲದೆ ನನ್ನೆದುರೇ ಶುರುಮಾಡುತ್ತಾರೆ: ‘ಈ ಕಡೆ ಬನ್ನಿ, ಚಪ್ಪಲಿ ಬಿಟ್ಟರೆ ಒಳ್ಳೇದು. ಇವನೇ ದಾಮೋದರ. ಮದುವೆ ದಿನಾನೇ ಯುದ್ಧಕ್ಕೆ ಹೋದ, ವಾಪಸ್ ಬರಲೇ ಇಲ್ಲ. ಹೇಮಲತಾ ಈಗಲೂ ಇದೇ ಬಾಗಿಲಲ್ಲಿ ಕಾಯ್ತಾಳೆ ಅಂತಾರೆ.’ ಒಂದು ಸಲ ಸರಿಯಾಗಿ ಅದೇ ಮಾತಿಗೆ ನನ್ನ ಮಗಳು ಬಾಗಿಲು ತೆಗೆದು ಜಮಖಾನ ಕೊಡವಿದಳು. ಸೂರತ್ತಿನಿಂದ ಬಂದ ಹೆಂಗಸೊಬ್ಬರು ಕಿಟಾರನೆ ಕಿರುಚಿ ಗಂಡನ ಕುತ್ತಿಗೆಗೆ ಜೋತುಬಿದ್ದರು.

‘ಏನ್ರೀ ಚತುರ್ಭುಜಜಿ, ದಾಮೋದರ ಯಾವ ಯುದ್ಧಕ್ಕೆ ಹೋದ? ಫಲೋದಿ ಕೋರ್ಟಿನ ಕಟ್ಟೆ ಮೇಲೆ ಕೂತು ಚಹಾ ಕುಡೀತಿದಾನೆ ಅವನು’ ಎಂದು ನಾನು ದಬಾಯಿಸಿದರೆ, ‘ಭಾಭಿಸಾ, ಅದನ್ನ ಹೇಳಿದ್ರೆ ಯಾರು ಕಣ್ಣೀರು ಹಾಕ್ತಾರೆ ಹೇಳಿ? ನನ್ನ ಹೊಟ್ಟೆ ಮೇಲೆ ಹೊಡೀಬೇಡಿ’ ಎಂದು ನನಗೇ ಕೈಮುಗಿದರು.

ಈಗ ಹೊಸದಾಗಿ ಮದುವೆಯಾದ ಜೋಡಿಗಳು ನಮ್ಮ ಅಗುಳಿಗೆ ಕೆಂಪು ದಾರ ಕಟ್ಟುತ್ತಾರೆ, ಹೇಮಲತಾಳಂಥ ನಿಷ್ಠೆ ತಮ್ಮ ಹೆಂಡತಿಗೂ ಬರಲಿ ಎಂದು. ದಾರಗಳ ಗಂಟು ದಪ್ಪವಾಗಿ ಬಾಗಿಲು ಭದ್ರವಾಗಿ ಮುಚ್ಚುತ್ತಿಲ್ಲ. ಚಳಿಗಾಲದಲ್ಲಿ ಕಿವಿಮುಚ್ಚುವ ಟೋಪಿ ಹಾಕಿದ ಕೋಲ್ಕತ್ತಾದ ಯಜಮಾನರೊಬ್ಬರು ಕ್ಯಾಮೆರಾ ಹಿಡಿದು ನಿಂತಿದ್ದಾಗ, ತರಕಾರಿ ಚೀಲ ಹೊತ್ತು ಬರುತ್ತಿದ್ದ ನನ್ನ ಮಗಳಿಗೆ ಬಹಳ ಮರ್ಯಾದೆಯಿಂದಲೇ ಹೇಳಿದರು: ‘ಸ್ವಲ್ಪ ಆ ಕಡೆ ಸರೀತೀಯಾಮ್ಮಾ? ಮದುಮಗಳ ಹೆಸರು ಕಾಣ್ತಿಲ್ಲ.’ ಅವಳು ಸರಿದು ನಿಂತಳು.

ನಾನು ಸುಮ್ಮನೆ ಕೂತವಳಲ್ಲ. ಹೇಮಲತಾಳನ್ನು ಕರೆದುಕೊಂಡು ತಮ್ಮ ಕಚೇರಿಗೆ ಬಂದೆ. ತಾವು ಊಟಕ್ಕೆ ಹೋಗಿದ್ದಿರಿ, ತಮ್ಮ ಊಟ ಸಾವಕಾಶವಾಗಿ ನಡೆಯುವಂಥದು. ತಮ್ಮ ಸಹಾಯಕರು ಅವಳ ಆಧಾರ್ ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, ‘ಹೆಸರೇನೋ ಅದೇ ಇದೆ. ಆದರೆ ಆ ಹೇಮಲತಾ ನೀನೇ ಅನ್ನೋದಕ್ಕೆ ಸಾಕ್ಷಿ ಏನಮ್ಮಾ? ಒಂದೇ ಹೆಸರಿನೋರು ಎಷ್ಟು ಜನ ಇರಲ್ಲ?’ ಎಂದರು. ಚಿತ್ರ ಬರೆದ ಕೇಸೂಜಿಯನ್ನೇ ಎದುರಿಗೆ ನಿಲ್ಲಿಸಿದೆ. ಇನ್ನೂರು ವರ್ಷದ ಹಿಂದಿನ ಕಲಾವಿದ ಬದುಕಿರಲು ಸಾಧ್ಯವಿಲ್ಲವಾದ್ದರಿಂದ ಅವರ ಹೇಳಿಕೆಯನ್ನು ಪರಿಗಣಿಸಲಾಗುವುದಿಲ್ಲ ಎಂದರು. ಇಷ್ಟು ನಿಖರವಾದ ತರ್ಕವನ್ನು ನಾನು ನನ್ನ ಅತ್ತೆಯವರಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ.

ಮಾನ್ಯರೇ, ಇಷ್ಟಾದರೂ ನಗುತ್ತಲೇ ಇರುತ್ತಿದ್ದೆ. ಆದರೆ ಈಗ ಪೋಕರಣದಿಂದ ಒಂದು ಸಂಬಂಧ ಬಂದಿದೆ. ಹುಡುಗನ ಹೆಸರು ಶಿವರತನ್ ವ್ಯಾಸ್, ಅಂಚೆ ಕಚೇರಿಯಲ್ಲಿ ಕೆಲಸ. ನನ್ನ ಮಗಳನ್ನು ನೋಡಲು ಬಂದವನು ಅವಳು ಓದಿದ್ದೇನೆಂದು ಕೇಳಿ, ಆ ಮಣ್ಣಿನ ಶಾಸ್ತ್ರವನ್ನು ಸ್ವಲ್ಪ ಹೇಳಿಕೊಡಿ ಎಂದು ಕೂತುಬಿಟ್ಟ. ಚಹಾ ಆರಿಹೋಯಿತು, ಇಬ್ಬರಿಗೂ ಪರಿವೆಯಿಲ್ಲ. ಮಗಳ ಮುಖದಲ್ಲಿ ಆ ಬೆಳಕನ್ನು ನಾನು ಎರಡು ವರ್ಷದಿಂದ ನೋಡಿರಲಿಲ್ಲ. ಆಖಾ ತೀಜಿನ ದಿನ, ಅಂದರೆ ಅಕ್ಷಯ ತೃತೀಯದಂದು, ಮದುವೆಯೆಂದು ಮಾತಾಯಿತು. ಹೊರಡುವಾಗ ಹುಡುಗನ ಅಜ್ಜಿ, ಎಲ್ಲರೂ ದಾದಿಸಾ ಎಂದು ಹೆದರುವ ಮುದುಕಿ, ಬಾಗಿಲಲ್ಲಿ ನಿಂತು ಕೋಲಿನಿಂದ ಒಂದೊಂದೇ ಅಕ್ಷರ ತೋರಿಸುತ್ತ ಗೋಡೆಯನ್ನು ಜೋರಾಗಿ ಓದಿದರು.

‘ಈ ದಾಮೋದರ ಯಾರು?’

ನಾನು ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದೆ. ದಾದಿಸಾ ಕೇಳಿ, ‘ಹುಡುಗಿ ಬೇಡ ಅಂದಿದ್ದು ಸರಿಯಾಗೇ ಇದೆ. ನಾನಾಗಿದ್ರೆ ಚಪ್ಪಲೀಲಿ ಹೇಳ್ತಿದ್ದೆ. ಆದ್ರೆ ನೋಡಮ್ಮಾ, ನಮ್ಮ ಹುಡುಗ ಕುದುರೆ ಮೇಲೆ ಬಂದು ಇದೇ ಬಾಗಿಲ ತೋರಣ ಮುಟ್ಟಬೇಕು. ಇನ್ನೊಬ್ಬನ ಹೆಸರಿನ ಕೆಳಗೆ ನಿಂತ್ಕೊಂಡು ಮುಟ್ಟು ಅಂತ ನಾನು ಹೇಳೋದಿಲ್ಲ. ನಮ್ಮ ಹೆಸರು ಬಾಗಿಲಲ್ಲಿ ಇದ್ರೆ ದಿಬ್ಬಣ ಬರತ್ತೆ. ಇಲ್ದಿದ್ರೆ ಕೋಟೆ ಬಾಗಿಲಿಂದ್ಲೇ ತಿರುಗಿಸ್ತೀನಿ’ ಎಂದರು. ಶಿವರತನ್ ಪಾಪ, ‘ದಾದಿಸಾ, ಬೇಕಾದ್ರೆ ನಾನೇ ದಾಮೋದರ ಅಂತ ಹೆಸರಿಟ್ಕೊಳ್ತೀನಿ’ ಎಂದ. ಅಜ್ಜಿ ಕೋಲೆತ್ತಿದ್ದು ನೋಡಿ ಜೀಪಿನೊಳಗೆ ಸೇರಿಕೊಂಡ.

ಅವರು ಹೋದ ಮೇಲೆ ಹೇಮಲತಾ ಹೊಸ್ತಿಲ ಮೇಲೆ ಕೂತು, ‘ಮಾ, ಬೇಡ ಅಂತ ಹೇಳೋದಕ್ಕೆ ನನಗೆಷ್ಟು ಧೈರ್ಯ ಬೇಕಾಯ್ತು ಗೊತ್ತಾ? ಈಗ ನೋಡಿದ್ರೆ ಜಗತ್ತೆಲ್ಲ ಬಂದು ನಾನು ಅವನಿಗೇ ಕಾಯ್ತಿದೀನಿ ಅಂತ ಫೋಟೋ ತೆಗೀತಾ ಇದೆ’ ಎಂದಳು. ಅಂದಿನಿಂದ ನನಗೆ ನಿದ್ದೆಯಿಲ್ಲ. ತಮಗೆ ಬರುತ್ತಿದೆಯೆಂದು ಕೇಳಿ ಸಂತೋಷ.

ಸುಣ್ಣ ಬಳಿಯಲು ಅನುಮತಿ ಕೇಳಿದ್ದಕ್ಕೆ ತಾವು ಕೃಪೆಮಾಡಿ ಒಂದು ಸಾಲಿನ ಉತ್ತರ ಕಳಿಸಿದಿರಿ: ಪ್ರಾಚೀನ ವಿವಾಹವನ್ನು ಬದಲಿಸಲು ಅವಕಾಶವಿಲ್ಲ. ಆದ್ದರಿಂದ, ಗೋಡೆಯನ್ನು ಬದಲಿಸಲಾಗದಿದ್ದರೆ ಮಿಕ್ಕದ್ದನ್ನಾದರೂ ಬದಲಿಸಿಕೊಡಿ ಎಂದು ಬೇಡುತ್ತೇನೆ. ಫಲೋದಿಯ ದಾಮೋದರನೂ ಈ ಚಿತ್ರದ ಅವಿಭಾಜ್ಯ ಅಂಗವಾಗಿರುವುದರಿಂದ ಅವನನ್ನೂ ತಮ್ಮ ವಶಕ್ಕೆ ತೆಗೆದುಕೊಂಡು, ಕೊರಳಿಗೆ ಒಂದು ಚಿಕ್ಕ ಬೋರ್ಡು ತೂಗುಹಾಕಿ, ಯಾರೂ ಮುಟ್ಟದಂತೆ, ಒರಗದಂತೆ, ವಿಶೇಷವಾಗಿ ಯಾರೂ ಮದುವೆಯಾಗದಂತೆ ಕಾಪಾಡಬೇಕು. ನನ್ನ ಮಗಳಿಗೆ ಇನ್ನೂರು ವರ್ಷವೆಂದು ಸರ್ಕಾರವೇ ಒಪ್ಪಿರುವುದರಿಂದ ಅವಳಿಗೆ ಬರಬೇಕಾದ ವೃದ್ಧಾಪ್ಯ ವೇತನವನ್ನು ಹಿಂದಿನಿಂದ ಲೆಕ್ಕಹಾಕಿ ಕೊಡಿಸಬೇಕು, ಮತ್ತು ಅವಳನ್ನು ಹೆತ್ತ ನನ್ನ ವಯಸ್ಸೆಷ್ಟೆಂಬುದನ್ನು ತಮ್ಮ ಸಮೀಕ್ಷಕರೇ ಬಂದು ನಿಗದಿಪಡಿಸಬೇಕು, ಕನ್ನಡಕ ತೆಗೆದರೆ ಒಳ್ಳೆಯದು. ಆಖಾ ತೀಜಿಗೆ ಮುಂಚೆ ಒಂದು ಭಾರಿ ಮರಳುಗಾಳಿ ನಮ್ಮ ಓಣಿಯೊಂದಕ್ಕೇ ಬರುವಂತೆ ಆದೇಶ ಹೊರಡಿಸಿದರೂ ಆದೀತು. ಬೆನ್ನುಜ್ಜುವ ಹಸುವಿನ ಮೇಲೆ ನಾನು ಬಹಳ ಭರವಸೆಯಿಟ್ಟಿದ್ದೆ, ಆದರೆ ಅದನ್ನು ಓಡಿಸಲು ತಾವು ಒಬ್ಬ ಕಾವಲುಗಾರನನ್ನು ನೇಮಿಸಿದ್ದೀರಿ. ಅವನೇ ಈಗ ಗೋಡೆಗೆ ಒರಗಿ ಮಲಗುತ್ತಾನೆ. ದುರದೃಷ್ಟವಶಾತ್ ಅವನಿಗೆ ಬೆನ್ನು ತುರಿಸುವುದಿಲ್ಲ.

ಇವೆಲ್ಲ ಕಷ್ಟವೆನಿಸಿದರೆ, ತಾವು ಒಂದೇ ಒಂದು ಸಲ ಊಟ ಬೇಗ ಮುಗಿಸಿ ನಮ್ಮ ಓಣಿಗೆ ಬರಬಹುದು. ಮಗಳು ಬಾಗಿಲು ತೆರೆಯುತ್ತಾಳೆ. ಬದುಕಿದ್ದಾಳೆ, ಬೇರೆಯವನನ್ನು ಒಪ್ಪಿದ್ದಾಳೆ, ಎಂ.ಎಸ್ಸಿ. ಓದಿದ್ದಾಳೆ ಎಂಬುದು ತಮ್ಮ ಕಣ್ಣಿಗೇ ಕಾಣುತ್ತದೆ. ಕೇರ್ ಸಾಂಗ್ರಿ ಪಲ್ಯ ಮಾಡಿರುತ್ತೇನೆ. ದಯಮಾಡಿ ಆ ಹೆಸರನ್ನು ನನ್ನ ಮಗಳ ತಲೆಯ ಮೇಲಿನಿಂದ ಇಳಿಸಿಕೊಡಿ.

ತಮ್ಮ ವಿಶ್ವಾಸಿ,
ಗವರಾ ದೇವಿ ಬಿಸ್ಸಾ
(ಸಂವತ್ ೧೮೭೯ರ ರಾಜಮಾತೆ)

ಮರೆತ ಮಾತು: ಈ ಪತ್ರ ಅಂಚೆಗೆ ಹೋಗುವ ಮುಂಚೆಯೇ ಸಮಸ್ಯೆ ಬಗೆಹರಿಯಿತು, ಆದ್ದರಿಂದ ತಾವು ಏಳಬೇಕಾಗಿಲ್ಲ. ನಿನ್ನೆ ದಾದಿಸಾ ಸೀರೆಗಳನ್ನು ತೋರಿಸಲು ಬಂದವರು ಓಣಿಯಲ್ಲಿ ನಿಂತು ತಮ್ಮ ಬೋರ್ಡನ್ನೂ ಕೋಲಿನಿಂದ ತೋರಿಸುತ್ತ ಓದಿದರು. ‘ಗೋಡೆ ಮುಟ್ಟಬಾರದು ಅಂತ ತಾನೆ ಇರೋದು? ಬೋರ್ಡು ಮುಟ್ಟಬಾರದು ಅಂತ ಎಲ್ಲಿದೆ?’ ಎಂದು ಕೇಳಿದರು. ಹುಡುಕಿದೆವು, ಎಲ್ಲೂ ಇರಲಿಲ್ಲ. ಕೇಸೂಜಿ ಆ ಬೋರ್ಡಿನ ಹಳದಿಯ ಮೇಲೆ ಸುಣ್ಣ ಬಳಿದು ಎಂಥ ಗಣಪತಿ ಬರೆದಿದ್ದಾರೆಂದರೆ, ಜನ್ಮದಲ್ಲಿ ಮೊದಲ ಸಲ ಅವರಿಗೆ ಜಾಗ ಸಾಲದೇ ಹೋಗಲಿಲ್ಲ. ಬಾಗಿಲಿಗೆ ಬರುವವರಿಗೆ ಈಗ ಮೊದಲು ಕಾಣುವುದು ಬೋರ್ಡೇ, ದಾಮೋದರ ಅದರ ಹಿಂದೆ ಕತ್ತಲಲ್ಲಿ ಸುಖವಾಗಿ ಸಂರಕ್ಷಿತನಾಗಿದ್ದಾನೆ. ಶಿವರತನ್ ಫೋನಿನಲ್ಲಿ, ‘ಅವಳ ಎಂ.ಎಸ್ಸಿ. ದೊಡ್ಡದಾಗಿ ಬರೀರಿ ಕಾಕಾ, ನನ್ನ ಬಿ.ಎ. ಜಾಗ ಉಳಿದ್ರೆ ನೋಡಿ’ ಎಂದ. ಸಂವತ್ಸರದ ನಾಲ್ಕೂ ಅಂಕಿಗಳನ್ನು ಹೇಮಲತಾ ತಾನೇ ಕುಂಚ ಹಿಡಿದು ಬರೆದಳು. ಕೊನೆಗೆ ಕೇಸೂಜಿ ಬೋರ್ಡಿನ ಕೆಳತುದಿಯಲ್ಲಿ ಸುಣ್ಣ ತಾಗದೆ ಉಳಿದಿದ್ದ, ಮಾನ್ಯರಾದ ತಮ್ಮ ಶುಭನಾಮದ ಹತ್ತಿರ ಬಂದು ಏನು ಮಾಡಲಿ ಎಂದು ಕೇಳಿದಾಗ ಅವಳು, ‘ಅಪ್ಪನ ಹೆಸರು ಬರಬೇಕಾದ ಜಾಗ ಅದು. ಅಪ್ಪ ಇಲ್ಲ. ಯಾರೋ ದೊಡ್ಡವರ ಹೆಸರಿದೆಯಲ್ಲ, ಇರಲಿ ಬಿಡಿ’ ಎಂದಳು. ಆದ್ದರಿಂದ ನನ್ನ ಮಗಳ ಮದುವೆಗೆ ಊರನ್ನೆಲ್ಲ ಕರೆಯುತ್ತಿರುವವರು ಈಗ ತಾವೇ. ಆಖಾ ತೀಜಿನ ಸಂಜೆ ಬಾಗಿಲಲ್ಲಿ ನಿಂತು ಬೀಗರನ್ನು ಎದುರುಗೊಳ್ಳಬೇಕು, ದಾದಿಸಾ ಅವರಿಗೆ ಕಾಯುವ ಅಭ್ಯಾಸವಿಲ್ಲ. ಕನ್ಯಾದಾನ ಮಾಡುವವರು ಬೆಳಗಿನಿಂದ ಉಪವಾಸವಿರುವುದು ನಮ್ಮ ಪದ್ಧತಿ, ಹಾಗಾಗಿ ಅದೊಂದು ದಿನವಾದರೂ ಕಚೇರಿಯಲ್ಲಿ ಏನನ್ನೂ ತಿನ್ನಬೇಡಿ.